ಎರಡೇ ಕಾಲಂ

ಸಂಶೋಧಕಿಯ ನಮೂನೆಯಲ್ಲಿ ಮೂರನೆಯ ಕಾಲಂ ಇರಲಿಲ್ಲ. ‘ಬಲವಂತ’ ಎಂದೊಂದು, ‘ಸ್ವಂತ ಇಚ್ಛೆ’ ಎಂದೊಂದು. ಹೆಂಗಸರು ತಲೆಗೆ ಬಟ್ಟೆ ಹಾಕಿ ಪ್ರಾರ್ಥನೆಗೆ ಕೂರುವುದು ಯಾಕೆ ಎಂಬುದನ್ನೆಲ್ಲ ಅವಳು ಆ ಎರಡರಲ್ಲೇ ತುಂಬಿಸಬೇಕಿತ್ತು.

ಅಂಗಿ ಹೊಲಿಯುವ ಕಾರ್ಖಾನೆ. ದಾರದ ಗೋದಾಮಿನ ಪಕ್ಕ ಕಿಟಕಿಯಿಲ್ಲದ ಒಂದು ಕೋಣೆ. ಊಟವಾದ ಮೇಲೆ ಒಂಬತ್ತು ಹೆಂಗಸರು ಅಲ್ಲಿ ಚಾಪೆ ಹಾಸಿ ಹತ್ತು ನಿಮಿಷ ಕೂರುತ್ತಿದ್ದರು. ಪ್ರಾರ್ಥನೆ ಹೇಳಿಕೊಡುವವಳು ಕಾಲರ್ ಹೊಲಿಯುವವಳು, ಎಲ್ಲರಿಗೂ ಕಾಲರಕ್ಕ. ಸೂಪರ್‌ವೈಸರ್ ಶೌಚಾಲಯದ ಬಾಗಿಲಲ್ಲೂ ಗಡಿಯಾರ ನೋಡುತ್ತ ನಿಲ್ಲುವ ಆಸಾಮಿ. ಅವನ ಕಣ್ಣು ಬೀಳದ ಜಾಗ ಇಡೀ ಕಟ್ಟಡದಲ್ಲಿ ಆ ಕೋಣೆಯೊಂದೇ.

“ತಲೆಗೆ ಬಟ್ಟೆ ಯಾರು ಹಾಕಿಸಿದ್ದು?” ಸಂಶೋಧಕಿ ಕೇಳಿದಳು.

“ಅತ್ತೆ. ಹಾಕ್ಕೊಳ್ಳಲ್ಲ ಅಂತ ಆರು ತಿಂಗಳು ಜಗಳ ಆಡಿದೀನಿ,” ಎಂದಳು ಕಾಲರಕ್ಕ.

“ಈಗ?”

“ಅತ್ತೆ ಹೋಗಿ ಎಂಟು ವರ್ಷ ಆಯ್ತು. ಈಗ ಯಾರಾದ್ರೂ ತೆಗಿ ಅಂದ್ರೆ ಅದಕ್ಕೂ ಜಗಳ ಆಡ್ತೀನಿ.”

ಓವರ್‌ಲಾಕ್ ಮೆಷಿನ್ನಿನವಳು ಕಿಸಕ್ಕನೆ ನಕ್ಕಳು. “ಬರ್ಕೊಳ್ಳಿ ಮೇಡಂ, ನಮ್ಮಕ್ಕಂಗೆ ಜಗಳಾನೇ ಧರ್ಮ.”

ಸಂಶೋಧಕಿಯೂ ನಕ್ಕಳು. ಆಮೇಲೆ ಹಾಸ್ಟೆಲ್ ಕೋಣೆಯಲ್ಲಿ ನಮೂನೆ ತುಂಬುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅತ್ತೆ ಹಾಕಿಸಿದ್ದು ತಾನೆ? ‘ಬಲವಂತ’ಕ್ಕೆ ಗುರುತು ಹಾಕಿದಳು. ಒಂಬತ್ತರಲ್ಲಿ ಏಳು ಅಲ್ಲಿಗೇ ಬಿದ್ದವು. ಹೆಂಗಸರ ಪರವಾಗಿಯೇ ಬರೆಯುತ್ತಿದ್ದೇನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮೊದಲೇ ಒಪ್ಪಿದ್ದಂತೆ ವರದಿಯ ಒಂದು ಪ್ರತಿ ಮ್ಯಾನೇಜರನಿಗೂ ಹೋಯಿತು.

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಮಾಲು ಇಡಲು ಜಾಗ ಸಾಲದೆ ಒದ್ದಾಡುತ್ತಿದ್ದ ಮ್ಯಾನೇಜರ್ ನೋಟಿಸ್ ಅಂಟಿಸಿದ: ‘ಕೆಲಸದ ಜಾಗ ಧರ್ಮನಿರಪೇಕ್ಷ. ಮಹಿಳೆಯರ ಮೇಲಿನ ಒತ್ತಡ ತಪ್ಪಿಸಲು ಕೋಣೆಯನ್ನು ಮುಚ್ಚಲಾಗಿದೆ.’

ಎರಡು ತಿಂಗಳ ಮೇಲೆ ಸಂಶೋಧಕಿ ವರದಿ ಹಿಡಿದು ಬಂದಾಗ ಕೋಣೆಯ ತುಂಬ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಕಾಲರಕ್ಕ ಮೆಷಿನ್ ನಿಲ್ಲಿಸಲಿಲ್ಲ.

“ಬನ್ನಿ ಮೇಡಂ. ಯಾರಿಂದ ಬಿಡಿಸಿದ್ರಿ ನಮ್ಮನ್ನ?”

“ಅಕ್ಕಾ, ಕೋಣೆ ಮುಚ್ಚಿ ಅಂತ ನಾನು ಎಲ್ಲೂ ಬರೆದಿಲ್ಲ.”

“ನಾನು ಹೇಳಿದ್ದನ್ನಾದ್ರೂ ಎಲ್ಲಿ ಬರೆದಿದೀರಿ? ತೋರ್ಸಿ ನೋಡೋಣ.”

ಸಂಶೋಧಕಿ ಹಾಳೆ ತಿರುವಿದಳು. ಇದ್ದದ್ದು ಒಂದು ಗುರುತು. ಹಿಂದಿನಿಂದ ಸೂಪರ್‌ವೈಸರ್ ಕೆಮ್ಮಿದ. ಕಾಲರಕ್ಕ ಮುಂದಿನ ಕಾಲರ್ ಎತ್ತಿಕೊಂಡಳು.

ಹೋದದ್ದು ಇಷ್ಟು: ಒಂದು ಕೋಣೆ, ಒಂಬತ್ತು ಚಾಪೆ, ದಿನಕ್ಕೆ ಹತ್ತು ನಿಮಿಷ, ಕೋಣೆ ಮುಚ್ಚಿದ್ದಕ್ಕೆ ಕೆಲಸ ಬಿಟ್ಟ ಇಬ್ಬರು ಹೆಂಗಸರು. ಅವರಲ್ಲಿ ಓವರ್‌ಲಾಕ್ ಮೆಷಿನ್ನಿನವಳೂ ಒಬ್ಬಳು.