ತಬಿತಾಳ ಎಲೆ

"ಒಂದೇ ಎಲೆ ಸಾಕು," ಎಂದು ಸೇವಂತಿ ಎರಡನೆಯ ಬಾಳೆಲೆಯನ್ನು ಮಗನ ಕೈಯಿಂದ ಕಿತ್ತುಕೊಂಡು ಮಡಚಿ ಕಸದ ಬುಟ್ಟಿಗೆ ತುರುಕಿದಳು.

ಶೋಭಿತ್ ಇನ್ನೂ ಕರಿ ಸೂಟಿನಲ್ಲೇ ಇದ್ದ. ಅಪ್ಪನನ್ನು ಕ್ರಿಮಟೋರಿಯಮ್ಮಿನಲ್ಲಿ ಬಿಟ್ಟು ಲೀಡ್ಸಿನ ಹೆಡಿಂಗ್ಲೀಯ ಮನೆಗೆ ಬಂದು ಷೂ ಬಿಚ್ಚಿದ್ದಷ್ಟೇ.

"ಡ್ಯಾಡ್ ಯಾವಾಗಲೂ ಎರಡು ಹಾಕ್ತಿದ್ರಲ್ಲ ಅಮ್ಮ? ಒಂದು ಆ ಲೇಡಿಗೆ, ಚಾಪೆಲ್ ಲೇಡಿಗೆ..."

"ಅವರು ಹಾಕ್ತಿದ್ರು, ನಾನು ಹಾಕುದಿಲ್ಲ. ಇವತ್ತು ಅವರೊಬ್ಬರಿಗೇ."

ಗಂಡ ಕೊರಗಪ್ಪ ತೀರಿಕೊಂಡು ಮೂರು ವಾರವಾಗುತ್ತ ಬಂದಿತ್ತು. ಊರಿನಲ್ಲಾದರೆ ಮೊದಲು ದಹನ, ಆಮೇಲೆ ದಿನ ಲೆಕ್ಕ ಹಾಕಿ ಬೊಜ್ಜ, ಅಂದರೆ ಉತ್ತರಕ್ರಿಯೆಯ ಊಟ. ಇಲ್ಲಿ ಸತ್ತವನೂ ಕ್ಯೂನಲ್ಲಿ ನಿಲ್ಲಬೇಕು. ಕ್ರಿಮಟೋರಿಯಮ್ಮಿನವರು ಕೊಟ್ಟ ತಾರೀಖು ಬರುವಷ್ಟರಲ್ಲಿ ಬೊಜ್ಜದ ದಿನವೇ ದಾಟಿಹೋಗಿತ್ತು. ಕೊನೆಗೆ ಬೆಳಗ್ಗೆ ದಹನ, ಮಧ್ಯಾಹ್ನ ಬೊಜ್ಜ ಎಂದು ಸೇವಂತಿಯೇ ಗಟ್ಟಿ ಮನಸ್ಸು ಮಾಡಿ ತೀರ್ಮಾನಿಸಿದ್ದಳು.

ಅವರ ಮನೆತನದ ಕ್ರಮ ಹೀಗಿತ್ತು: ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿ, ಮನೆಮಂದಿಯೆಲ್ಲ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತು ಬಿಟ್ಟು, ಬರುತ್ತಿದ್ದೇವೆ ಎಂದು ತಿಳಿಸಲು ಒಮ್ಮೆ ಕೆಮ್ಮಿ ಬಾಗಿಲು ತೆರೆಯಬೇಕು. ಎಲೆ ಮುಟ್ಟಿದ ಗುರುತಿದ್ದರೆ ಬಂದರು, ಒಪ್ಪಿದರು ಎಂದರ್ಥ.

ಕೊರಗಪ್ಪ ಒಪ್ಪಬೇಕಾದ ಮಾತೊಂದಿತ್ತು. ಅವನ ಬೂದಿಯನ್ನು ಹುಟ್ಟೂರು ಮೂಲ್ಕಿಗೆ ಒಯ್ದು, ಅವನನ್ನು ಮನೆತನದ ಹಿರಿಯರ ಜೊತೆ ಸೇರಿಸಿ, ತಾನೂ ಅಲ್ಲೇ ಅಣ್ಣನ ಮನೆಯ ಹತ್ತಿರ ಉಳಿದ ದಿನ ಕಳೆದು, ಕೊನೆಗೆ ಅವನ ಪಕ್ಕಕ್ಕೇ ಹೋಗಿ ಸೇರಬೇಕೆಂಬುದು ಸೇವಂತಿಯ ಆಸೆ. ಇಷ್ಟು ವರ್ಷ ಈ ಲೀಡ್ಸಿನ ಚಳಿಯನ್ನು ಅವಳು ಸಹಿಸಿದ್ದೇ ಆ ಆಸೆಯಿಂದ. ಆಸ್ಪತ್ರೆಯಲ್ಲಿ ಕೇಳಿದಾಗ ಕೊರಗಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ್ದ. ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬದುಕಿದ್ದಾಗ ಬಾಯಿ ಬಿಡದ ಮನುಷ್ಯ ಸತ್ತ ಮೇಲಾದರೂ ಉತ್ತರ ಹೇಳಬೇಕಿತ್ತು.

*

ಹಿತ್ತಿಲ ಗೋಡೆಯ ಆಚೆ ಒಂದು ಹಳೆಯ ಚಾಪೆಲ್, ಸುತ್ತ ಹುಲ್ಲು ಬೆಳೆದ ಗೋರಿಗಳು. ನರ್ಸ್ ಕೆಲಸದಿಂದ ರಿಟೈರ್ ಆದಮೇಲೆ ಕೊರಗಪ್ಪ ಅದರ ಬೀಗದ ಕೈ ಇಟ್ಟುಕೊಂಡು, ನೋಡಬಂದವರಿಗೆ ಬಾಗಿಲು ತೆರೆದು ಕತೆ ಹೇಳುವ ಕೆಲಸ ಹಚ್ಚಿಕೊಂಡ. ಸಂಬಳವಿಲ್ಲ, ಆದರೆ ಉತ್ಸಾಹಕ್ಕೇನೂ ಕಡಿಮೆಯಿಲ್ಲ. ಹಿಂದೆ ರಾಜನ ಚರ್ಚಿನ ರೀತಿ ಒಗ್ಗದ ಕೆಲವು ಕುಟುಂಬಗಳು ಇಲ್ಲಿ ಕದ್ದುಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದವಂತೆ. ಒಂದು ದಿನ ಗಂಟುಮೂಟೆ ಕಟ್ಟಿ ಹಡಗು ಹತ್ತಿದವಂತೆ. ಅಮೆರಿಕದ ದಡದಲ್ಲಿ ಕಾಡು ಕಡಿದು, ಮೊದಲು ಪ್ರಾರ್ಥನೆಯ ಮನೆ, ಆಮೇಲೆ ಬೇಲಿ, ಆಮೇಲೆ ಬೀದಿ ಅಂತ ಒಂದು ಊರನ್ನೇ ಕಟ್ಟಿದವಂತೆ. ಆ ಊರಿನವರು ಈಗಲೂ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

"ಅಲ್ಲಿ ಮೊದಲೇ ಇದ್ದವರು ಎಲ್ಲಿಗೆ ಹೋದ್ರು?" ಎಂದು ಸೇವಂತಿ ಒಮ್ಮೆ ಕೇಳಿದ್ದಳು.

"ಅದೊಂದನ್ನು ಅವರು ಹೇಳುದಿಲ್ಲ ಮಾರಾಯ್ತಿ," ಎಂದಿದ್ದ ಕೊರಗಪ್ಪ.

ಹೊರಟವರು ತಬಿತಾ ಎಂಬ ಹೆಂಗಸನ್ನು ಮಾತ್ರ ಬಿಟ್ಟುಹೋಗಿದ್ದರು. ಅವಳಿಗೆ ಕ್ಷಯ, ಹಡಗಿನಲ್ಲಿ ಎಲ್ಲರಿಗೂ ಅಂಟೀತೆಂಬ ಭಯ. ಮುಂದಿನ ಚಳಿಗಾಲಕ್ಕೆ ಅವಳು ಈ ಗೋಡೆಯ ಬುಡದಲ್ಲಿ ಮಣ್ಣಾದಳು. ಅವಳ ಗಂಡ ಆಚೆ ದಡದಲ್ಲಿ ಇನ್ನೊಂದು ಮದುವೆಯಾಗಿ ಊರಿನ ಹಿರಿಯನೆನಿಸಿಕೊಂಡ.

ಹಿರಿಯರಿಗೆ ಎಲೆ ಹಾಕುವ ಒಂದು ಆಟಿ ಅಮಾವಾಸ್ಯೆಯಂದು ಕೊರಗಪ್ಪ ತೀರಿಹೋದ ಅಪ್ಪ ಅಮ್ಮನಿಗೆ ಬಡಿಸಿದ ಮೇಲೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದ. ಅದಕ್ಕೆ ಬರೀ ಬಿಳಿ ಅನ್ನ, ಬೇಯಿಸಿದ ಮೊಟ್ಟೆ.

"ಅವಳಿಗೆ ಖಾರ ಆಗ್ಲಿಕ್ಕಿಲ್ಲ," ಎಂದ.

ಸೇವಂತಿ ಸಿಡಿದೆದ್ದಳು. "ನಮ್ಮ ಮನೆಯಲ್ಲಿ ಸತ್ತ ಕುಲೆ ಅಲ್ಲ, ನಮ್ಮ ದೇಶದವಳೂ ಅಲ್ಲ. ಯಾರನ್ನು ಒಳಗೆ ಕರೀತಾ ಇದ್ದೀರಿ ನೀವು?"

"ನಾವು ಬರುವ ಮೊದಲು ಇಲ್ಲಿ ಇದ್ದವಳು. ಅವಳನ್ನೊಂದು ಮಾತು ಕೇಳದೆ ನಾವು ಬಂದು ಕೂತಿದ್ದೇವೆ. ಸ್ವಂತದವರೇ ಬಿಟ್ಟುಹೋದವಳಿಗೆ ಒಂದು ಎಲೆ ಹಾಕಿದ್ರೆ ಎಂತ ಹೋಗ್ತದೆ?"

ಅವತ್ತಿನಿಂದ ಸೇವಂತಿ ಎಲೆ ಹಾಕುವ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತವಳಲ್ಲ. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು ಇತ್ತು. ಸತ್ತು ನೂರಾರು ವರ್ಷವಾದವಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಗೊತ್ತಿದ್ದೂ ಪಟ್ಟಳು.

*

ಬಿಳಿ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ, ಕೋಳಿ ಸುಕ್ಕ. ಸೇವಂತಿ ಹಿಂದಿನ ಕೋಣೆಯಲ್ಲಿ ಬಡಿಸಿ, ದೀಪ ಹಚ್ಚಿ, ಕಿಟಕಿಯ ಚಿಲಕ ಎಳೆದು ನೋಡಿದಳು.

"ನಿಮ್ಮೊಬ್ಬರಿಗೇ ಬಡಿಸಿದ್ದೇನೆ. ಮುಟ್ಟಿದ್ರೆ ನನ್ನೊಟ್ಟಿಗೆ ಮೂಲ್ಕಿಗೆ ಬರ್ತೀರಿ ಅಂತ ತಿಳ್ಕೊಳ್ತೇನೆ," ಎಂದು ಗಟ್ಟಿಯಾಗಿಯೇ ಹೇಳಿ ಬಾಗಿಲು ಹಾಕಿಕೊಂಡು ಬಂದಳು.

ಹಿತ್ತಿಲಲ್ಲಿ ಜುಲೈ ತಿಂಗಳಿನ ಬೂದು ಬೆಳಕು. ಧಾರವಾಡದ ಡಾಕ್ಟರ್ ರಾಜಶೇಖರ ಮತ್ತು ಅವರ ಹೆಂಡತಿ ಹೇಮಲತಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಕೊರಗಪ್ಪನ ಹಳೆಯ ಸ್ನೇಹಿತರು ಅಂತ ಉಳಿದವರು ಅವರಿಬ್ಬರೇ.

"ನಾ ಈ ದೇಶಕ್ಕ ಬಂದ ಮೊದಲನೇ ಚಳಿಗಾಲಕ್ಕ ಕೋಟು ಕೊಟ್ಟವರು ಇವರು," ಎಂದರು ರಾಜಶೇಖರ. "ತಮ್ಮದು ಅಂತ ಹೇಳಿ ಕೊಟ್ಟಿದ್ರು. ಆಮ್ಯಾಲೆ ಗೊತ್ತಾತು, ಯಾರೋ ಬಿಟ್ಟುಹೋದದ್ದು, ಆಸ್ಪತ್ರಿಯ ಲಾಸ್ಟ್ ಪ್ರಾಪರ್ಟಿದು!"

"ಇನ್ನೂ ಇಟ್ಟಾರ ನೋಡ್ರಿ, ಎಸೀಲಿಕ್ಕೆ ಬಿಡಂಗಿಲ್ಲ," ಎಂದಳು ಹೇಮಲತಾ.

ಸೇವಂತಿಗೂ ನಗು ಬಂತು. ಯಾರೂ ಕೇಳದವರನ್ನು ಹುಡುಕಿಕೊಂಡು ಹೋಗುವ ಚಾಳಿ ಆ ಮನುಷ್ಯನದು.

ಆಗಲೇ ಒಳಗಿನಿಂದ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಎರಡು ಸಲ. ಹೆಂಗಸಿನ ದನಿ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಹೊರಗಿನವರು ಕೆಮ್ಮಿ ಒಳಗೆ ಹೋಗಬೇಕಾದದ್ದು ಕ್ರಮ. ಒಳಗಿನಿಂದ ಯಾರೂ ಕೆಮ್ಮುವುದಿಲ್ಲ.

"ಬಾಜೂ ಮನೀ ಹುಡುಗೂರು ಇರಬೇಕು," ಎಂದರು ಡಾಕ್ಟರು.

"ಸ್ಟೂಡೆಂಟ್ಸ್ ಜೂನ್‌ನಲ್ಲೇ ಹೋದ್ರು, ಅಂಕಲ್. ಇಟ್ಸ್ ಎಂಪ್ಟಿ," ಎಂದ ಶೋಭಿತ್, ತಗ್ಗಿದ ದನಿಯಲ್ಲಿ.

ಸೇವಂತಿ ಕೆಮ್ಮುವ ಗೊಡವೆಗೇ ಹೋಗಲಿಲ್ಲ. ಸೀದಾ ನಡೆದು ಬಾಗಿಲು ತಳ್ಳಿದಳು. ಕಿಟಕಿಯ ಚಿಲಕ ಹಾಕಿದಂತೆಯೇ ಇತ್ತು, ದೀಪ ಅಲುಗದೆ ಉರಿಯುತ್ತಿತ್ತು. ಎಲೆಯ ಮೇಲಿನ ಅನ್ನದ ರಾಶಿ ಮಾತ್ರ ಎರಡಾಗಿತ್ತು. ಒಂದು ಪಾಲು ಮೀನಿನ ಕೆಂಪು ಸಾರಿನಲ್ಲಿ ಕಲೆಸಿಹೋಗಿತ್ತು. ಇನ್ನೊಂದು ಪಾಲನ್ನು ಎಲೆಯ ಆಚೆ ಅಂಚಿಗೆ ಬೆಳ್ಳಗೆ ಸರಿಸಿಡಲಾಗಿತ್ತು. ಸಾರಿನ ಒಂದು ಹನಿಯೂ ಅದಕ್ಕೆ ಸೋಕಿರಲಿಲ್ಲ.

"ನಾನು ಚಿಕ್ಕವನಿದ್ದಾಗ ಡ್ಯಾಡ್ ನಂಗೂ ಹೀಗೇ ಖಾರ ತಾಗದ ಹಾಗೆ ತೆಗೆದಿಡ್ತಿದ್ರು," ಎಂದ ಶೋಭಿತ್.

ಸೇವಂತಿ ಎಲೆಯ ಮುಂದೆ ಕೂತಳು. ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. ಕೊರಗಪ್ಪ ಮುಟ್ಟಿದ್ದ, ಹೌದು, ಆದರೆ ಉತ್ತರ ಅವಳು ಬಯಸಿದ್ದಲ್ಲ. ಕರೆದೊಯ್ದರೆ ಬಂದಾನು, ಪಾಪ. ಆದರೆ ಒಮ್ಮೆ ಎಲ್ಲರೂ ಬಿಟ್ಟುಹೋದವಳನ್ನು ಇನ್ನೊಮ್ಮೆ ಬಿಟ್ಟುಹೋಗಬೇಕಾಗುತ್ತದೆ. ಅದು ಅವನಿಂದಾಗುವ ಕೆಲಸವಲ್ಲ ಎಂದು ಅವನ ಜೊತೆ ಬಾಳಿದ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇನ್ನೊಂದು ಎಲೆ ತಾ," ಎಂದಳು ಮಗನಿಗೆ.

ಗಂಡನ ಎಲೆಯ ಬಲಕ್ಕೆ ಅದನ್ನು ಹಾಸಿ, ಬಿಳಿ ಅನ್ನವನ್ನು ಎರಡೂ ಕೈಯಲ್ಲಿ ಎತ್ತಿ ಅದಕ್ಕೆ ಬಡಿಸಿದಳು. ಆಮೇಲೆ ಒದ್ದೆ ಬಟ್ಟೆ ತರಿಸಿ, ಅವನ ಎಡಕ್ಕೆ, ಮುಂದೆ ತನ್ನದೂ ಒಂದು ಎಲೆ ಹಿಡಿಸುವಷ್ಟು ನೆಲವನ್ನು ನಿಧಾನವಾಗಿ ಒರೆಸಿದಳು.

"ಅಮ್ಮ, ಮೂಲ್ಕಿ ಟಿಕೆಟ್..." ಎನ್ನುತ್ತ ಶೋಭಿತ್ ಹತ್ತಿರ ಬಂದ. ಒರೆಸಿದ ಜಾಗದ ಮೇಲೆ ಅವನ ಕಾಲು ಬೀಳುವುದರಲ್ಲಿತ್ತು. ಸೇವಂತಿ ಅವನ ಪಾದವನ್ನು ಹಿಡಿದು ಪಕ್ಕಕ್ಕೆ ಇರಿಸಿದಳು.