ಚಿಕ್ಕಮ್ಮನ ಕ್ಲಚ್ಚು

ನಮ್ಮ ಚಿಕ್ಕಮ್ಮನ ಚರ್ಮದ ಕೋಟಿನ ಎಡತೋಳು ಬಲತೋಳಿಗಿಂತ ಎರಡು ಬೆರಳಷ್ಟು ಗಿಡ್ಡ. ನೋಡಿದವರು ಹೊಲಿದವರ ಕೈ ತಪ್ಪಿರಬೇಕೆಂದು ಮರುಗುತ್ತಾರೆ. ಹೊಲಿದವಳು ಅವಳೇ, ಊರಿನ ಅರ್ಧ ಗಂಡಸರಿಗೆ ಕೋಟು ಹೊಲಿದ ದರ್ಜಿ. ಮೋಟಾರ್‌ಸೈಕಲ್ಲಿನ ಕ್ಲಚ್ ಹಿಡಿಯುವ ಕೈಗೆ ತೋಳು ಅಡ್ಡಬರಬಾರದೆಂಬುದು ಅವಳ ದೂರದೃಷ್ಟಿ. ಅರವತ್ತೊಂದರ ಪ್ರಾಯದಲ್ಲೂ, ತುಸು ಎಡಕ್ಕೆ ವಾಲಿ, ಕೊರಳಲ್ಲಿ ಟೇಪು ತೂಗಿಸಿಕೊಂಡು ಅವಳು ಗಾಡಿಯತ್ತ ನಡೆಯುವ ಗತ್ತೇ ಬೇರೆ.

ಅವಳದೊಂದು ಹಟ: ಹೊಸ ಕೋಟು ತೊಟ್ಟ ಗಿರಾಕಿ ಕನ್ನಡಿಯ ಮುಂದೆ ಹಿಗ್ಗುತ್ತಿದ್ದರೆ, ಅವನನ್ನು ಕೂರಿಸಿ, ಬಗ್ಗಿಸಿ, ಮೇಲಿನ ಕಪಾಟಿನಿಂದ ಬಟ್ಟೆಯ ಥಾನು ಇಳಿಸಲು ಹೇಳಿ, ಆಮೇಲೆಯೇ ಕಳಿಸುವುದು. “ನಿಂತಾಗ ಎಲ್ಲಾ ಕೋಟೂ ಚೆನ್ನಾಗೇ ಇರುತ್ತೆ ಕಣಪ್ಪಾ, ಕೂತ್ಕೋ ನೋಡೋಣ!”

ಕತ್ತರಿ ಹಿಡಿಯುವುದೂ ಎಡಗೈಯಲ್ಲೇ ಆದ್ದರಿಂದ ನಲವತ್ತು ವರ್ಷಗಳಲ್ಲಿ ಆ ಹೆಬ್ಬೆರಳಿನ ಕೀಲು ಸವೆದಿತ್ತು. ಗಾಡಿಯೋ, ದೈತ್ಯ ಎಳೆತದ್ದು. ಆ ಬಲ ಜಾರದಂತೆ ಕ್ಲಚ್ಚಿನ ತಟ್ಟೆಗಳನ್ನು ಅದುಮಿಡುವ ಸ್ಪ್ರಿಂಗುಗಳೂ ಅಷ್ಟೇ ಬಿರುಸು, ಕ್ಲಚ್ ಹಿಡಿದಾಗಲೆಲ್ಲ ಅವುಗಳೊಡನೆ ಸೆಣಸಬೇಕಾದದ್ದು ಆ ಎಡಗೈಯೇ. ಒಂದು ದಿನ ಕೆಂಪು ದೀಪದ ಮುಂದೆ ಕೈ ಸೋತು, ಕ್ಲಚ್ ಬಿಟ್ಟುಹೋಗಿ, ಗಾಡಿ ಮುಗ್ಗರಿಸಿ ಮುಂದಿನ ಕಾರಿಗೆ ಮುತ್ತಿಟ್ಟಿತು. “ಮಾರ್ಬಿಡೇ, ಸಾಕು” ಎಂದು ಚಿಕ್ಕಪ್ಪ ಪಟ್ಟುಹಿಡಿದರು. ಭಾನುವಾರ ಕೊಳ್ಳುವವರು ಬರುವುದೆಂದಾಯಿತು. ಅಷ್ಟರೊಳಗೆ ಕ್ಲಚ್ ಹಗುರವಾಗದಿದ್ದರೆ ಬೀಗದಕೈ ಕೊಟ್ಟುಬಿಡುವುದಾಗಿ ಅವಳೂ ಮಾತು ಕೊಟ್ಟಳು.

ಆಗ ಮೂಗು ತೂರಿಸಿದವನು ನಾನು. “ಮೆತ್ತನೆ ಸ್ಪ್ರಿಂಗ್ ಹಾಕಿಸು ಚಿಕ್ಕಮ್ಮ, ಮುಗೀತು” ಎಂದೆ. ಹಾಕಿಸಿದೆವು. ಗ್ಯಾರೇಜಿನಲ್ಲಿ ನಿಂತ ಗಾಡಿಯ ಕ್ಲಚ್ ಬೆಣ್ಣೆಯಂತಿತ್ತು, ನಾನು ಬೀಗಿದೆ. ಅವಳು ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ತೊಂಬತ್ತು ಕಿಲೋ ದಾಟಿದ್ದೀಯ ತಾನೇ? ಹಿಂದೆ ಹತ್ತು” ಎಂದಳು. ಸೇತುವೆಯ ಏರಿನಲ್ಲಿ ಎಂಜಿನ್ ಅಬ್ಬರಿಸಿತೇ ಹೊರತು ಗಾಡಿ ಏರಲಿಲ್ಲ, ಕ್ಲಚ್ ಜಾರುತ್ತಿತ್ತು. ಒಂದು ಸೈಕಲ್ಲು ನಮ್ಮನ್ನು ದಾಟಿಹೋಯಿತು. ನಾನು ಇಂಗು ತಿಂದ ಮಂಗನಾದೆ. ಅವಳೋ ಬಿದ್ದುಬಿದ್ದು ನಕ್ಕಳು. ನಗು ನಿಂತಾಗ ಅವಳ ಕಣ್ಣು ಒದ್ದೆಯಾಗಿತ್ತು, ನನಗೆ ನಿಜಕ್ಕೂ ಸಂಕಟವಾಯಿತು. ಅಂದು ಶುಕ್ರವಾರ.

ಮೆಕ್ಯಾನಿಕ್ ಇನ್ನೊಂದು ಬಗೆಯ ಕ್ಲಚ್ ತೋರಿಸಿದ. ಅದರೊಳಗಿನ ಓರೆಮೈಗಳಿಂದಾಗಿ ಎಂಜಿನ್ ಎಳೆದಂತೆಲ್ಲ ತಟ್ಟೆಗಳು ತಾವಾಗಿಯೇ ಬಿಗಿಯಾಗುತ್ತವೆ. ಸ್ಪ್ರಿಂಗ್ ಮೆತ್ತಗಿದ್ದರೂ ಸಾಕು. ನನಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಮ್ಮ ಜೇಬಿನಿಂದ ದಾರ ತೆಗೆದು, ಕುಣಿಕೆ ಹಾಕಿ ಎಳೆದಳು.

“ಎಳೆದಷ್ಟೂ ಬಿಗಿಯೋ ಗಂಟು. ಇಷ್ಟೇ ತಾನೇನಪ್ಪಾ?”

“ಇಷ್ಟೇ ಅಕ್ಕಾ!”

ಶನಿವಾರವಿಡೀ ಕೂತು ಅವನು ಅದನ್ನು ಜೋಡಿಸಿದ. ಭಾನುವಾರ ಬೆಳಿಗ್ಗೆ ಅದೇ ಸೇತುವೆ, ಹಿಂದೆ ಅದೇ ತೊಂಬತ್ತು ಕಿಲೋ. ಗಾಡಿ ಸರ್ರನೆ ಏರಿತು. ಆಚೆಯ ಕೆಂಪು ದೀಪದಲ್ಲಿ ಅವಳು ಎರಡೇ ಬೆರಳಲ್ಲಿ ಕ್ಲಚ್ ಹಿಡಿದು, ಪಕ್ಕದ ಬಸ್ಸಿನ ಡ್ರೈವರನಿಗೆ ಅವನ ಕಾಲರಿನ ಹೊಲಿಗೆ ಬಿಟ್ಟಿರುವುದನ್ನು ವಿವರಿಸುತ್ತಿದ್ದಳು.

ಮನೆಯಲ್ಲಿ ಕೊಳ್ಳುವವರು ಕಾದಿದ್ದರು. ಚಿಕ್ಕಮ್ಮ ಕೊರಳಿನ ಟೇಪು ಎಳೆದುಕೊಂಡಳು. “ಗಾಡಿ ಕೊಡಲ್ಲ ಸ್ವಾಮಿ. ಬಂದಿದ್ದೀರಿ, ಏಳಿ, ಕೋಟಿಗೆ ಅಳತೆ ತಗೋತೀನಿ.” ಬರೆದುಕೊಳ್ಳಲು ಪೆನ್ಸಿಲ್ ತಂದವರು ಚಿಕ್ಕಪ್ಪನೇ.

ವಯಸ್ಸಾದವರಿಗೆ ಎಲ್ಲವನ್ನೂ ಮೆತ್ತಗೆ ಮಾಡಿಕೊಡುವುದೇ ಪ್ರೀತಿಯೆಂದು ನಮ್ಮಂಥವರ ಭ್ರಮೆ. ಚಿಕ್ಕಮ್ಮನಂಥವರು ಕೈಗೆ ತುಸು ಹಗುರ ಕೇಳುತ್ತಾರೆಯೇ ವಿನಾ ಏರನ್ನು ತಗ್ಗಿಸೆಂದು ಕೇಳುವುದಿಲ್ಲ. ಅವರಿಗೆ ನಾವು ಮಾಡಬಹುದಾದ ಉಪಕಾರ ಒಂದೇ: ಕರೆದಾಗ ಹಿಂದೆ ಹತ್ತಿ, ಭಾರವಾಗಿ ಕೂರುವುದು.