ತೂಕದ ಬ್ಯಾಟರಿ

ಕೊಬ್ಬರಿ ವ್ಯಾಪಾರಿ ಕೆಂಚಪ್ಪನವರಿಗೆ ಬೇಕಾಗಿದ್ದುದು ಒಂದೇ ಒಂದು ಫೋಟೋ. ಅದರಲ್ಲಿ ಕಲ್ಲುಬಾವಿ ಮಠದ ಸ್ವಾಮಿಗಳು ಅವರ ಹೆಗಲಿಗೆ ಶಾಲು ಹೊದಿಸುತ್ತಿರಬೇಕು. ಅವರ ಮುಖ ಪೂರ್ತಿಯಾಗಿ, ಸಾಧ್ಯವಾದರೆ ಬೆಳ್ಳಗೆ, ಕಾಣಬೇಕು. ಉಗ್ರಪ್ಪನೆಂಬ ಪ್ರಾಣಿ ಚೌಕಟ್ಟಿನೊಳಗೆ ಎಲ್ಲಿಯೂ ಇರಕೂಡದು.

ಅರಸೀಕೆರೆಯ ವರ್ತಕರ ಸಂಘದ ಅಧ್ಯಕ್ಷಗಿರಿಗೆ ಇವರಿಬ್ಬರೂ ನಾಮಪತ್ರ ಸಲ್ಲಿಸಿದ್ದರು. ಸಂಘದ ಮತದಾರರಲ್ಲಿ ಬಹುಪಾಲು ಮಠದ ಭಕ್ತರು. ಗುರುಗಳ ಶಾಲು ಯಾರ ಹೆಗಲ ಮೇಲೋ ಅವರಿಗೇ ಅಧ್ಯಕ್ಷರ ಕುರ್ಚಿ: ಇದು ಯಾವ ನಿಯಮಾವಳಿಯಲ್ಲಿಯೂ ಇಲ್ಲದ, ಯಾರೂ ಮೀರದ ನಿಯಮ. ಕೆಂಚಪ್ಪನವರು ದಾಸೋಹದ ಅಡುಗೆಮನೆಗೆ ಎರಡು ತಾಮ್ರದ ಹಂಡೆ ಕೊಟ್ಟು ಶಾಲನ್ನು ಗೊತ್ತುಮಾಡಿಕೊಂಡಿದ್ದರು. ಉಳಿದದ್ದು ಫೋಟೋ. ಫೋಟೋ ಇಲ್ಲದ ಶಾಲು ಬರೀ ಬಟ್ಟೆ.

ತೊಡಕಿದ್ದುದು ಅಲ್ಲಿಯೇ. ಮಠದೊಳಗೆ ಫೋನು ನಿಷಿದ್ಧ, ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಮಠದ ಛಾಯಾಗ್ರಾಹಕನೋ, ಉಗ್ರಪ್ಪನ ಷಡ್ಡಕನ ಮಗ. ಹೋದ ವರ್ಷ ಅವನು ತೆಗೆದ ಚಿತ್ರದಲ್ಲಿ ಕೆಂಚಪ್ಪನವರ ಮುಖವಿರಬೇಕಾದ ಜಾಗದಲ್ಲಿ ಒಂದು ಕಂಬ ಬಂದಿತ್ತು. ಕಂಬ ಬಹಳ ಸ್ಪಷ್ಟವಾಗಿಯೇ ಬಂದಿತ್ತು. ಆದ್ದರಿಂದ ಕೆಂಚಪ್ಪನವರು ತಮ್ಮದೇ ಕ್ಯಾಮೆರಾ ತರಲು ವಿಶೇಷ ಅಪ್ಪಣೆ ಪಡೆದು, ಮಗಳು ಪ್ರತಿಮಾಳ ಮದುವೆಗೆಂದು ಕೊಂಡಿದ್ದ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಬೀರುವಿನಿಂದ ಹೊರತೆಗೆದರು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಕಂಪನಿಯವರು ಆ ಬ್ಯಾಟರಿ ತಯಾರಿಸುವುದನ್ನೇ ಕೈಬಿಟ್ಟಿದ್ದರು.

"ಬೇಲೂರಲ್ಲಿ ಕ್ಯಾಮೆರಾನೇ ಬಾಡಿಗೆಗೆ ಸಿಗುತ್ತೆ, ಅಪ್ಪಾಜಿ," ಎಂದಳು ಪ್ರತಿಮಾ. ಅವಳನ್ನು ಬೇಲೂರಿಗೆ ಕೊಟ್ಟಿತ್ತು. ಗಂಡ ಇಂದ್ರೇಶ್ ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ.

"ಬಾಡಿಗೆ ಕ್ಯಾಮೆರಾದಲ್ಲಿ ಬಾಡಿಗೆ ಮುಖನೇ ಬತ್ತದೆ. ಇದ್ರಲ್ಲಾದ್ರೆ ನಾನು ನನ್ನಂಗೇ ಕಾಣ್ತೀನಿ."

"ಅದೇ ಭಯ ನಂಗೆ," ಎಂದರು ಒಳಗಿನಿಂದ ಹೆಂಡತಿ ಶಿವಗಂಗಮ್ಮ.

ಕಡೆಗೆ ಪ್ರತಿಮಾಳೇ ಬೇರೆ ತಯಾರಕರ ಮೂರು ಬ್ಯಾಟರಿಗಳನ್ನು ಆನ್‌ಲೈನ್‌ನಲ್ಲಿ ತರಿಸಿದಳು. ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ಹಿಂದಿರುಗಿಸುವುದೆಂದು ತೀರ್ಮಾನ. ಮಂಡಿಯ ಮೇಜಿನ ಮೇಲೆ, ಕೊಬ್ಬರಿ ಚೀಲಗಳ ನಡುವೆ, ಮೂರೂ ವಧುಪರೀಕ್ಷೆಗೆ ಕುಳಿತವು. ಮೊದಲನೆಯದು ಸಾಧಾರಣ. ಎರಡನೆಯದು ಬೂದುಬಣ್ಣದ ಡಬ್ಬಿಯಲ್ಲಿ, ಯಾವ ಜಂಬವೂ ಇಲ್ಲದೆ ಬಂದಿತ್ತು. ಮೂರನೆಯದರ ಮೈಮೇಲೆ ಚಿನ್ನದ ಅಕ್ಷರಗಳಲ್ಲಿ ಮೂರು ಸಾವಿರ ಎಂ.ಎ.ಎಚ್. ಶಕ್ತಿಯೆಂಬ ಘೋಷಣೆ. ಪಕ್ಕದಲ್ಲೊಂದು ಗರ್ಜಿಸುವ ಹುಲಿ.

"ಬೂದು ಡಬ್ಬೀದು ತಗೊಳ್ಳಿ," ಎಂದಳು ಪ್ರತಿಮಾ. "ಕಂಪನಿಯ ಬ್ಯಾಟರಿಗೆ ಸಾವಿರದ ಶಕ್ತಿ ಇತ್ತು, ಇದೂ ಅಷ್ಟೇ ಹೇಳ್ಕೊಂಡಿದೆ. ಕೊಂಡವರೂ ಒಳ್ಳೇದು ಅಂತಾನೇ ಬರ್ದಿದಾರೆ. ಅದೇ ಗಾತ್ರದಲ್ಲಿ ಮೂರು ಸಾವಿರ ಹೆಂಗೆ ಹಿಡಿಯುತ್ತೆ? ಒಂದು ಸೇರಲ್ಲಿ ಮೂರು ಸೇರು ರಾಗಿ ಅಳೀತೀರಾ?"

"ಅಳೆಯೋನು ಜಾಣ ಆಗಿದ್ರೆ ಅಳೀತಾನೆ," ಎಂದರು ಕೆಂಚಪ್ಪನವರು, ಸ್ವಾನುಭವದ ಗಾಂಭೀರ್ಯದಿಂದ.

ಆಮೇಲೆ ಅವರು ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಂಡಸಿಯಿಂದ ಕಣಕಟ್ಟೆಯವರೆಗಿನ ತೋಟಗಾರರು ಹೆದರುತ್ತಿದ್ದ ಕೈ ಅದು. ಚೀಲಕ್ಕೆ ಕೈಯಿಟ್ಟರೆ ಸಾಕು, ಕೊಬ್ಬರಿಗೆ ನೀರು ಚಿಮುಕಿಸಿದ್ದನ್ನು ಹೇಳಿಬಿಡುತ್ತಿತ್ತು. ತಾವು ಮಾರುವ ಚೀಲಗಳಿಗೆ ಎಷ್ಟು ಚಿಮುಕಿಸಬೇಕೆಂಬುದೂ ಅದಕ್ಕೆ ಗೊತ್ತಿತ್ತು.

"ಇದು ಜೊಳ್ಳು. ಇದೂ ಜೊಳ್ಳು." ಹುಲಿಯ ಬ್ಯಾಟರಿಯ ಮೇಲೆ ಬೆರಳು ಮುಚ್ಚಿಕೊಂಡವು. "ಇದು ಗಟ್ಟಿ ಕಾಳು. ಏನಂತೀರಿ ಅಳಿಯಂದಿರೇ?"

ಇಂದ್ರೇಶ್ ಹೆಂಡತಿಯ ಮುಖ ನೋಡಿದ, ಮಾವನ ಮುಖ ನೋಡಿದ, ಕಡೆಗೆ ಹುಲಿಯ ಮುಖ ನೋಡಿದ. "ತೂಕ ಐತೆ, ಮಾವ," ಎಂದ. ಅಳಿಯತನದ ಇತಿಹಾಸದಲ್ಲಿ ಇದಕ್ಕಿಂತ ಸುರಕ್ಷಿತವಾದ ಮಾತು ಸಿಗುವುದಿಲ್ಲ.

ಉಳಿದೆರಡು ಬಂದ ದಾರಿಯಲ್ಲೇ ಹಿಂದಿರುಗಿದವು. ಹುಲಿಯನ್ನು ಚಾರ್ಜ್ ಮಾಡಿದ್ದಾಯಿತು.

"ಒಂದಿಪ್ಪತ್ತು ಫೋಟೋ ತೆಗ್ದು ನೋಡೋಣ, ಅಪ್ಪಾಜಿ. ಹೊಸ ಬ್ಯಾಟರೀನ ಪರೀಕ್ಷೆ ಮಾಡ್ದೆ ನಂಬಬಾರ್ದು."

"ಗುರುಗಳ ಕೆಲ್ಸಕ್ಕೆ ತಂದಿದ್ದು ಕಣಮ್ಮ, ಮೀಸಲು! ಎಡೆ ಇಡೋಕೆ ಮುಂಚೆ ಪಾಯಸ ರುಚಿ ನೋಡ್ತಾರೇನೇ?"

ಬ್ಯಾಟರಿ ದೇವರ ಕೋಣೆ ಸೇರಿತು. ಕೆಂಚಪ್ಪನವರು ಅದಕ್ಕೆ ವಿಭೂತಿ ಬಳಿದರು. ಅವರು ಅತ್ತ ಹೋದ ಮೇಲೆ ಇಂದ್ರೇಶ್ ಅದರ ಲೋಹದ ಪಟ್ಟಿಗಳನ್ನು ಸದ್ದಿಲ್ಲದೆ ಒರೆಸಿದ.

ಸನ್ಮಾನದ ದಿನ ಮನೆಮಂದಿಯೆಲ್ಲ ಹೊರಟರು. ಅರಸೀಕೆರೆಯಿಂದ ಜಾವಗಲ್ ದಾಟಿ ಮಠ ಮುಟ್ಟುವವರೆಗೂ ಕ್ಯಾಮೆರಾ ಕೆಂಚಪ್ಪನವರ ತೊಡೆಯ ಮೇಲಿತ್ತು, ಯಾರೂ ಗುಂಡಿ ಒತ್ತದ ಹಾಗೆ. ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಗಣ್ಯರ ಸಾಲಿನಲ್ಲಿ ಉಗ್ರಪ್ಪನೂ ನಿಂತಿದ್ದ. ಹಂಡೆಗೆ ಮುಚ್ಚಳ ಕೊಟ್ಟ ಪುಣ್ಯಕ್ಕಾಗಿ. ಕೆಳಗೆ, ಸಭೆಯ ಅಂಚಿನಲ್ಲಿ, ಅವನ ಷಡ್ಡಕನ ಮಗ ಕತ್ತಿಗೆ ದೊಡ್ಡ ಕ್ಯಾಮೆರಾ ತೂಗುಹಾಕಿಕೊಂಡು ಆಕಳಿಸುತ್ತಿದ್ದ.

ಕೆಂಚಪ್ಪನವರ ಹೆಸರು ಕೂಗಿದರು.

ಇಂದ್ರೇಶ್ ಮುಂದೆ ಬಂದು ಗುಂಡಿ ಒತ್ತಿದ. ಕ್ಯಾಮೆರಾದ ಮೂತಿ ಹೊರಚಾಚಿತು. ಪರದೆಯ ಮೇಲೆ ಬ್ಯಾಟರಿಯ ಗುರುತು ತುಂಬಿ ತುಳುಕುತ್ತಿತ್ತು. ಸ್ವಾಮಿಗಳು ಶಾಲನ್ನು ಬಿಡಿಸಿದರು. ಕೆಂಚಪ್ಪನವರು ಗುರುಗಳ ಕಡೆಗೆ ಬೆನ್ನಾಗದಂತೆ, ಅಳಿಯನ ಕಡೆಗೆ ಮುಖವಾಗುವಂತೆ, ಸೊಂಟವನ್ನು ಹಗ್ಗದಂತೆ ಹೊಸೆದುಕೊಂಡು ನಿಂತರು. ಶಾಲು ಹೆಗಲು ಮುಟ್ಟಿತು. ಇಂದ್ರೇಶ್ ಬೆರಳು ಒತ್ತಿದ. ಫ್ಲಾಶ್ ಬೆಳಗಲು ಸಿದ್ಧವಾಗಿ ಒಮ್ಮೆ ಸಣ್ಣಗೆ ಸಿಳ್ಳೆ ಹಾಕಿತು.

ಬೆಳಗಲಿಲ್ಲ. ಪರದೆ ಕಪ್ಪಾಯಿತು. ಚಾಚಿದ್ದ ಮೂತಿ ಆಮೆಯ ತಲೆಯಂತೆ ಒಳಕ್ಕೆ ಸೇದಿಕೊಂಡಿತು.

ಇಂದ್ರೇಶ್ ಮತ್ತೆ ಒತ್ತಿದ. ಬ್ಯಾಟರಿ ತೆಗೆದು, ಊದಿ, ಮತ್ತೆ ಹಾಕಿದ. ಬೆವರಿದ. ತಲೆಯೆತ್ತಿ ಮಾವನಿಗೆ ಕಣ್ಣಲ್ಲೇ ಇಲ್ಲವೆಂದ.

ಕೆಂಚಪ್ಪನವರು ಬೆವರಲಿಲ್ಲ, ಯೋಚಿಸಿದರು. ಫೋಟೋ ಬರಲಿಲ್ಲ, ಇನ್ನೊಮ್ಮೆ ಹೊದಿಸಿ ಎಂದು ಗುರುಗಳಿಗೆ ಬಾಯಿಬಿಟ್ಟು ಹೇಳುವುದುಂಟೆ? ಹೊತ್ತು ಕಳೆಯಬೇಕು, ಅಷ್ಟರಲ್ಲಿ ಅಳಿಯ ಏನಾದರೂ ಮಾಡಲಿ. ಅವರು ಶಾಲನ್ನು ಮೆಲ್ಲಗೆ ಹೆಗಲಿಂದ ತೆಗೆದರು, ನಾಲ್ಕು ಮಡಿಕೆ ಮಾಡಿದರು, ಬಾಗಿ ಸ್ವಾಮಿಗಳ ಕೈಗಿಟ್ಟರು.

"ಬುದ್ಧೀ, ಸ್ವಲ್ಪ ಹೊತ್ತು ನಿಮ್ಮ ಕೈಯಲ್ಲೇ ಇರ್ಲಿ."

ಸ್ವಾಮಿಗಳು ಶಾಲನ್ನೂ ಭಕ್ತನನ್ನೂ ಬಹಳ ಹೊತ್ತು ನೋಡಿದರು.

"ಹೊದಿಸಿದ ಶಾಲನ್ನು ಹಿಂದಿರುಗಿಸಿದ ಭಕ್ತನನ್ನು ನಾವು ಇದುವರೆಗೆ ಕಂಡಿರಲಿಲ್ಲ," ಎಂದರು, ಮೈಕಿನ ಮುಂದೆಯೇ. "ಚುನಾವಣೆ ಎದುರಿಗಿರುವಾಗ ಸನ್ಮಾನ ಒಲ್ಲೆ ಎನ್ನುವುದೆಂದರೆ ಅಧಿಕಾರವನ್ನೇ ಒಲ್ಲೆ ಎಂದಂತೆ. ಕೆಂಚಪ್ಪಾ, ನೀನು ಗೆದ್ದೆ!"

ಗೆದ್ದವನ ಬಾಯಿ ತೆರೆದೇ ಇತ್ತು. ಸ್ವಾಮಿಗಳು ಯಾರಿಗೆ ಹೊದಿಸಲೆಂದು ಪಕ್ಕಕ್ಕೆ ತಿರುಗಿದರು. ಅಲ್ಲಿ ಉಗ್ರಪ್ಪ ಆಗಲೇ ತಲೆ ತಗ್ಗಿಸಿದ್ದ. ಬಾಗುವುದರಲ್ಲಿ ಅವನು ಎಂದೂ ತಡಮಾಡಿದವನಲ್ಲ. ಶಾಲು ಅವನ ಮೇಲೆ ಬಿತ್ತು. ಷಡ್ಡಕನ ಮಗನ ಆಕಳಿಕೆ ನಿಂತಿತು. ಅವನ ಕ್ಯಾಮೆರಾ ಮಿಂಚಿತು, ಮಿಂಚಿತು, ಮಿಂಚುತ್ತಲೇ ಇತ್ತು. ಚಪ್ಪಾಳೆಯಲ್ಲಿ ಕೆಂಚಪ್ಪನವರೂ ಕೈ ಸೇರಿಸಬೇಕಾಯಿತು.

ಹೊರಗೆ, ಹುಣಿಸೆಮರದ ನೆರಳಿನಲ್ಲಿ, ಇಂದ್ರೇಶ್ ಅಂಚು ಬಿಟ್ಟುಕೊಂಡಿದ್ದ ಬ್ಯಾಟರಿಯ ಹೊದಿಕೆಯನ್ನು ಕಿತ್ತ. ಒಳಗೆ ಹೆಬ್ಬೆಟ್ಟಿನುಗುರಿನಷ್ಟು ಅಗಲದ ನಿಜವಾದ ಬ್ಯಾಟರಿ ಇತ್ತು. ಮಿಕ್ಕ ಜಾಗದಲ್ಲೆಲ್ಲ ಕಬ್ಬಿಣದ ತಗಡು.

ಶಿವಗಂಗಮ್ಮ ತಗಡನ್ನು ಎತ್ತಿ ಅಂಗೈಯಲ್ಲಿ ತೂಗಿದರು. "ಗಟ್ಟಿ ಕಾಳು ಕಣ್ರೀ. ನೀರು ಚಿಮುಕಿಸೋ ಕಾಲ ಹೋಯ್ತು, ಈಗ ಕಬ್ಬಿಣನೇ ಇಡ್ತಾರಂತೆ. ಕಲ್ತುಕೊಳ್ಳಿ."

ಪ್ರತಿಮಾ ಕಿತ್ತ ಹೊದಿಕೆಯ ಮೇಲಿನ ಹುಲಿಯನ್ನು ಅಪ್ಪನ ಕೈಗಿಟ್ಟಳು.

ಅಷ್ಟರಲ್ಲಿ ಉಗ್ರಪ್ಪ ಶಾಲಿನ ಸಮೇತ ಬಂದು, ಎಲ್ಲರ ಎದುರಿಗೆ ಕೆಂಚಪ್ಪನವರ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು, ಅದೂ ಅಸಲಿ.

"ಅಣ್ಣಾ, ನೀವು ಇಂಥಾ ದೊಡ್ಡ ಮನ್ಸುನೋರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಣ್ಣ. ನಾಳೆ ನಾಮಪತ್ರ ವಾಪಸ್ ತಗೊಳ್ಳೋಕೆ ಕೊನೇ ದಿನ. ನೀವು ಓಡಾಡಬ್ಯಾಡಿ, ನಾನೇ ಕಾರು ಕಳಿಸ್ತೀನಿ."

ಸುತ್ತಲಿನ ಭಕ್ತರು ಕೆಂಚಪ್ಪನವರ ಮುಖವನ್ನೇ ನೋಡುತ್ತಿದ್ದರು. ಇಬ್ಬರು ಆಗಲೇ ಅವರ ಕಾಲಿಗೆ ಬಿದ್ದು ಎದ್ದಿದ್ದರು. ಒಲ್ಲೆನೆಂದರೆ ಊರೊಳಗೆ ತಲೆಯೆತ್ತುವಂತಿಲ್ಲ.

ಅವರು ಬರಿದಾದ ಹೆಗಲನ್ನೊಮ್ಮೆ ಸವರಿಕೊಂಡರು.

"ಎ.ಸಿ. ಇರೋದನ್ನ ಕಳ್ಸು," ಎಂದರು.